ಓಡುವ ಕಾಲುಗಳೂ ಕಾಯುವ ಆಸ್ಪತ್ರೆಗಳೂ

2020ರ ರಮಝಾನ್ ತಿಂಗಳು. ಕೊರೋನಾದ ಭೀತಿಯಿಂದ ಜಗತ್ತು ಬಾಗಿಲು ಮುಚ್ಚಿ ಕುಳಿತಿತ್ತು. ಪೂರ್ವ ಲಂಡನ್‌ನ ಬೋ ಎಂಬಲ್ಲಿ ನೂರು ವರ್ಷದ ಓರ್ವ ವೃದ್ಧರು, ಉಪವಾಸವಿದ್ದುಕೊಂಡೇ ತಮ್ಮ ವಸತಿ ಸಮುಚ್ಚಯದ ಉದ್ಯಾನದಲ್ಲಿ ಸುತ್ತು ಹಾಕತೊಡಗಿದರು. ಹೆಸರು ದಬೀರುಲ್ ಇಸ್ಲಾಮ್ ಚೌಧುರಿ. ಸಿಲೆಟ್ ಮೂಲದವರು. ಉದ್ಯಾನದ ಒಂದು ಸುತ್ತು 80 ಮೀಟರ್. ಕೊರೋನಾ ಸಂತ್ರಸ್ತರಿಗಾಗಿ ಒಂದು ಸಾವಿರ ಪೌಂಡ್ ಸಂಗ್ರಹಿಸಬೇಕೆಂಬುದು ಅವರ ಗುರಿಯಾಗಿತ್ತು. ಅವರು ಒಂದು ದಿನಕ್ಕೆ ನಿಲ್ಲಲಿಲ್ಲ. ತಿಂಗಳಿಡೀ ನಡೆದರು. ಕೊನೆಗೆ ಸಂಗ್ರಹವಾದ ಮೊತ್ತ ನಾಲ್ಕು ಲಕ್ಷ ಪೌಂಡನ್ನು ಮೀರಿತು. ಅದು ಬ್ರಿಟನ್, ಬಾಂಗ್ಲಾದೇಶ ಮತ್ತಿತರ ದೇಶಗಳ ಸಂತ್ರಸ್ತರಿಗೆ ಹಂಚಿಕೆಯಾಯಿತು. ಅದೇ ವರ್ಷ ಬ್ರಿಟಿಷ್ ಸರಕಾರ ಅವರಿಗೆ ಒ.ಬಿ.ಇ. ಗೌರವ ನೀಡಿತು.

ಚೌಧುರಿಯವರಿಗೆ ಪ್ರೇರಣೆಯಾದವರು ಕ್ಯಾಪ್ಟನ್ ಟಾಮ್ ಮೂರ್. ದ್ವಿತೀಯ ಮಹಾಯುದ್ಧದ ನಿವೃತ್ತ ಸೈನಿಕ. ವಯಸ್ಸು 99. ಊರುಗೋಲಿನ ಚೌಕಟ್ಟನ್ನು ಹಿಡಿದು, ತಮ್ಮ ಮನೆಯ 25 ಮೀಟರ್ ಅಂಗಳವನ್ನು ನೂರನೆಯ ಜನ್ಮದಿನದೊಳಗೆ ನೂರು ಬಾರಿ ಸುತ್ತುವುದಾಗಿ ಅವರು ಘೋಷಿಸಿದ್ದರು. ಅವರ ಗುರಿಯೂ ಒಂದು ಸಾವಿರ ಪೌಂಡೇ. ಬಂದದ್ದು ಮೂರು ಕೋಟಿ ಇಪ್ಪತ್ತು ಲಕ್ಷ ಪೌಂಡಿಗೂ ಹೆಚ್ಚು. ಅಲ್ಲಿನ ಸರಕಾರಿ ಆಸ್ಪತ್ರೆಗಳಿಗೆ ನೆರವಾಗುವ ನಿಧಿಗೆ ಆ ಹಣ ಹೋಯಿತು.

ಈ ಎರಡು ಘಟನೆಗಳನ್ನು ಓದುವಾಗ ಸಂತೋಷವಾಗುತ್ತದೆ, ನಿಜ. ಜೊತೆಗೆ ಒಂದು ಪ್ರಶ್ನೆಯೂ ಮೂಡುತ್ತದೆ. ದಾನ ಕೊಡುವವನಿಗೆ ಕೊಡುವ ಮನಸ್ಸಿದ್ದರೆ ಸುಮ್ಮನೆ ಕೊಡಬಹುದಲ್ಲ? ಅದಕ್ಕಾಗಿ ಇನ್ನೊಬ್ಬರು ಅಂಗಳ ಸುತ್ತಬೇಕೇಕೆ? ಮೊಣಕಾಲು ನೋಯಿಸಿಕೊಂಡು ಓಡಬೇಕೇಕೆ? ನಮ್ಮ ಸಮಾಜದಲ್ಲಂತೂ ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬುದೇ ದಾನದ ಶಿಷ್ಟಾಚಾರ. ಹೀಗಿರುವಾಗ ಎದೆಗೆ ಸಂಖ್ಯೆ ಅಂಟಿಸಿಕೊಂಡು, ಹೆಸರು ಸಾರಿಕೊಂಡು ಓಡುವುದು ಪ್ರದರ್ಶನವಲ್ಲವೇ?

ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಉತ್ತರಿಸುವ ಮೊದಲು, ಈ ಓಟಗಳ ಹಿಂದೆ ಏನು ನಡೆಯುತ್ತದೆಂಬುದನ್ನು ನೋಡಬೇಕಾಗುತ್ತದೆ.

ಲಂಡನ್ ಮ್ಯಾರಥಾನ್ 1981ರಲ್ಲಿ ಆರಂಭವಾಯಿತು. ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಿದ್ದ ಕ್ರಿಸ್ ಬ್ರ್ಯಾಶರ್ ಮತ್ತು ಅವರ ಗೆಳೆಯ ಜಾನ್ ಡಿಸ್ಲಿ 1979ರಲ್ಲಿ ನ್ಯೂಯಾರ್ಕಿನ ಓಟದಲ್ಲಿ ಭಾಗವಹಿಸಿ, ಅಂಥದ್ದೊಂದು ತಮ್ಮ ನಗರದಲ್ಲೂ ಆಗಬೇಕೆಂದು ಹೊರಟವರು. ಮೊದಲ ವರ್ಷ ಓಟ ಪೂರೈಸಿದವರು ಆರು ಸಾವಿರ ಚಿಲ್ಲರೆ ಮಂದಿ. 2025ರ ಎಪ್ರಿಲ್‌ನಲ್ಲಿ 56 ಸಾವಿರಕ್ಕೂ ಅಧಿಕ ಮಂದಿ ಪೂರೈಸಿದರು. ಆ ಒಂದೇ ವರ್ಷದ ಓಟದಿಂದ ಸೇವಾ ಸಂಸ್ಥೆಗಳಿಗೆ ಸಂದದ್ದು 8 ಕೋಟಿ 73 ಲಕ್ಷ ಪೌಂಡ್. ನಮ್ಮ ಲೆಕ್ಕದಲ್ಲಿ ಅಂದಾಜು ಸಾವಿರ ಕೋಟಿ ರೂಪಾಯಿ. ಆರಂಭದಿಂದ ಈವರೆಗಿನ ಒಟ್ಟು ಮೊತ್ತ 130 ಕೋಟಿ ಪೌಂಡನ್ನು ದಾಟಿದೆ. ಈ 56 ಸಾವಿರ ಮಂದಿಯಲ್ಲಿ ಪದಕಕ್ಕಾಗಿ ಓಡುವವರು ಬೆರಳೆಣಿಕೆಯಷ್ಟು. ಉಳಿದವರು ದಾದಿಯರು, ಶಿಕ್ಷಕರು, ಬಸ್ಸು ಚಾಲಕರು, ಗುಮಾಸ್ತರು, ಮಕ್ಕಳನ್ನು ಶಾಲೆಗೆ ಕಳುಹಿಸಿ ಬರುವ ತಾಯಂದಿರು. ಶಾಲೆಯ ಮೈದಾನ ಬಿಟ್ಟ ಮೇಲೆ ಬಸ್ಸು ಹಿಡಿಯಲಿಕ್ಕಲ್ಲದೆ ಬೇರೆ ಯಾವುದಕ್ಕೂ ಓಡದವರು!

ಅಲ್ಲಿನ ವ್ಯವಸ್ಥೆ ಹೀಗಿದೆ. ಓಡಲು ಅರ್ಜಿ ಹಾಕುವವರು ಲಕ್ಷಗಟ್ಟಲೆ. ಚೀಟಿ ಎತ್ತಿ ಆರಿಸಲಾಗುತ್ತದೆ. ಹೆಚ್ಚಿನವರಿಗೆ ಅವಕಾಶ ಸಿಗುವುದಿಲ್ಲ. ಸೇವಾ ಸಂಸ್ಥೆಗಳು ಹಣ ತೆತ್ತು ಒಂದಷ್ಟು ಸ್ಥಾನಗಳನ್ನು ಕಾದಿರಿಸಿಕೊಂಡಿರುತ್ತವೆ. ಇಂತಿಷ್ಟು ಹಣ, ಸಾಮಾನ್ಯವಾಗಿ ಎರಡು ಸಾವಿರ ಪೌಂಡಿನ ಆಸುಪಾಸು, ಸಂಗ್ರಹಿಸಿ ಕೊಡುವುದಾಗಿ ಮಾತು ಕೊಟ್ಟವರಿಗೆ ಆ ಸ್ಥಾನವನ್ನು ಕೊಡುತ್ತವೆ. ಮಾತು ಕೊಟ್ಟವನು ತನ್ನ ಬಂಧುಗಳಲ್ಲಿ, ಸಹೋದ್ಯೋಗಿಗಳಲ್ಲಿ, ನೆರೆಹೊರೆಯವರಲ್ಲಿ ಕೇಳುತ್ತಾನೆ. 'ನಾನು 42 ಕಿಲೋಮೀಟರ್ ಓಡುತ್ತೇನೆ, ನೀವು ಈ ಆಸ್ಪತ್ರೆಗೆ ಹತ್ತು ಪೌಂಡ್ ಕೊಡಿ' ಎನ್ನುತ್ತಾನೆ. ಇದರಲ್ಲಿ ಒಂದು ಸೂಕ್ಷ್ಮವಿದೆ. ಕೇಳುವವನು ಬರಿಗೈಯಲ್ಲಿ ಬಂದಿಲ್ಲ. ಅವನು ತನ್ನ ನಾಲ್ಕು ತಿಂಗಳನ್ನು ಮುಂದಿಟ್ಟು ಕೇಳುತ್ತಿದ್ದಾನೆ.

ಆ ನಾಲ್ಕು ತಿಂಗಳೇ ಮುಖ್ಯ. ಓಟದ ದಿನದ ಫೋಟೋ ಪತ್ರಿಕೆಯಲ್ಲಿ ಬರುತ್ತದೆ. ತರಬೇತಿಯ ದಿನಗಳು ಬರುವುದಿಲ್ಲ. ಓಟ ಎಪ್ರಿಲ್‌ನಲ್ಲಾದರೆ ಸಿದ್ಧತೆ ಆರಂಭವಾಗುವುದು ಡಿಸೆಂಬರ್ ಅಥವಾ ಜನವರಿಯಲ್ಲಿ, ಅಂದರೆ ಇಂಗ್ಲೆಂಡಿನ ಅತ್ಯಂತ ಕತ್ತಲೆಯ ತಿಂಗಳುಗಳಲ್ಲಿ. ಬೆಳಗ್ಗೆ ಎಂಟಾದರೂ ಸೂರ್ಯ ಕಾಣುವುದಿಲ್ಲ. ಸಂಜೆ ನಾಲ್ಕಕ್ಕೆ ಮತ್ತೆ ಕತ್ತಲೆ. ಕೆಲಸ ಮುಗಿಸಿ ಬಂದು, ಮಕ್ಕಳ ಊಟ ಮುಗಿಸಿ, ಮಳೆಯಲ್ಲಿ ಹೊರಗೆ ಹೋಗಬೇಕು. ವಾರಕ್ಕೆ ಮೂರೋ ನಾಲ್ಕೋ ದಿನ ಓಟ. ವಾರಾಂತ್ಯದಲ್ಲೊಂದು ದೀರ್ಘ ಓಟ. ಅದು ಎಂಟು ಕಿಲೋಮೀಟರಿನಿಂದ ಆರಂಭವಾಗಿ ವಾರದಿಂದ ವಾರಕ್ಕೆ ಮೆಲ್ಲ ಮೆಲ್ಲನೆ ಮೂವತ್ತರವರೆಗೆ ಏರುತ್ತದೆ. ಅವಸರಪಟ್ಟವನ ಮೊಣಕಾಲ ಮೂಳೆಗೆ ಪೆಟ್ಟು ಬೀಳುತ್ತದೆ, ಮೂರು ವಾರ ಮನೆಯಲ್ಲಿ ಕೂರಬೇಕಾಗುತ್ತದೆ. ಕೊನೆಯ ಎರಡು ಮೂರು ವಾರ ಓಟವನ್ನು ಕಡಿಮೆ ಮಾಡಬೇಕು. ಹೊಸಬರಿಗೆ ಇದೇ ಕಷ್ಟ. ಕಲಿತದ್ದೆಲ್ಲ ಕರಗಿ ಹೋದೀತೆಂಬ ಭಯ. ನಿಜವಾಗಿ, ದೇಹ ಬಲಗೊಳ್ಳುವುದು ಓಡುವಾಗಲ್ಲ, ಓಡಿದ ಬಳಿಕದ ವಿಶ್ರಾಂತಿಯಲ್ಲಿ.

ಮೂವತ್ತನೇ ಕಿಲೋಮೀಟರಿನ ಆಚೀಚೆ ಓಟಗಾರರು 'ಗೋಡೆ' ಎನ್ನುವ ಘಟ್ಟವೊಂದು ಬರುತ್ತದೆ. ಸ್ನಾಯು ಮತ್ತು ಯಕೃತ್ತಿನಲ್ಲಿ ಶೇಖರವಾಗಿರುವ ಸಕ್ಕರೆಯ ದಾಸ್ತಾನು ಅಲ್ಲಿಗೆ ಮುಗಿಯುತ್ತಾ ಬಂದಿರುತ್ತದೆ. ಕಾಲುಗಳು ಸೀಸದಂತಾಗುತ್ತವೆ. ಅಲ್ಲಿ ನಿಂತುಬಿಡಲು ಯಾವ ಅಡ್ಡಿಯೂ ಇಲ್ಲ. ಯಾರೂ ದಂಡ ಹಾಕುವುದಿಲ್ಲ. ಆದರೆ ತಾನು ಯಾರಿಗಾಗಿ ಹೊರಟೆನೋ ಅವರ ಹೆಸರು ಅಂಗಿಯ ಬೆನ್ನಿನಲ್ಲಿರುತ್ತದೆ. ಕ್ಯಾನ್ಸರ್‌ನಿಂದ ತೀರಿಕೊಂಡ ತಾಯಿ, ಅವಧಿಗೆ ಮುನ್ನ ಹುಟ್ಟಿದ ಮಗು... ನಮಗನ್ನಿಸುವಂತೆ, ಪ್ರದರ್ಶನದ ಆರೋಪ ಬಿದ್ದುಹೋಗುವುದು ಈ ಘಟ್ಟದಲ್ಲಿಯೇ. ಜನವರಿಯ ಕತ್ತಲಲ್ಲಿ ಯಾರೂ ನೋಡದಿರುವಾಗ ಓಡಿದವನನ್ನು ಪ್ರದರ್ಶನಕಾರನೆಂದು ಹೇಗೆ ಕರೆಯುವುದು?

ಫೌಜಾ ಸಿಂಗ್‌ರನ್ನು ಇಲ್ಲಿ ನೆನೆಯದಿರಲಾಗದು. 1911ರಲ್ಲಿ ಪಂಜಾಬಿನ ಜಲಂಧರ್ ಬಳಿಯ ಬಿಯಾಸ್ ಹಳ್ಳಿಯಲ್ಲಿ ಹುಟ್ಟಿದ ರೈತ. 1992ರಲ್ಲಿ ಪತ್ನಿ ತೀರಿಕೊಂಡರು. 1994ರಲ್ಲಿ ಮಗನೋರ್ವ ಕಣ್ಣೆದುರೇ ಅಪಘಾತಕ್ಕೆ ಬಲಿಯಾದ. ಲಂಡನ್‌ನಲ್ಲಿದ್ದ ಇನ್ನೊಬ್ಬ ಮಗನ ಬಳಿ ನೆಲೆಸಿದ ಆ ವೃದ್ಧರು ದುಃಖವನ್ನು ಹೊರಲಾರದೆ ಓಡಲು ಹೊರಟರು. ತರಬೇತಿಯ ಮೊದಲ ದಿನ ಸೂಟು ಧರಿಸಿ ಬಂದಿದ್ದರೆಂದು ಅವರ ತರಬೇತುದಾರ ಹರ್ಮಂದರ್ ಸಿಂಗ್ ಹೇಳುತ್ತಿದ್ದರು. 2000ನೇ ಇಸವಿಯಲ್ಲಿ, 89ರ ವಯಸ್ಸಿನಲ್ಲಿ, ಮೊದಲ ಲಂಡನ್ ಮ್ಯಾರಥಾನನ್ನು 6 ಗಂಟೆ 54 ನಿಮಿಷಗಳಲ್ಲಿ ಮುಗಿಸಿದರು. ಅವರು ಓಡಿದ್ದು ಯಾರಿಗಾಗಿ ಬಲ್ಲಿರಾ? ದಿನ ತುಂಬುವ ಮುನ್ನ ಹುಟ್ಟಿದ ಶಿಶುಗಳ ಆರೈಕೆಗೆ ನೆರವಾಗುವ ಬ್ಲಿಸ್ ಎಂಬ ಸಂಸ್ಥೆಗಾಗಿ. ಬದುಕಿನ ಒಂದು ತುದಿಯಲ್ಲಿದ್ದವರು ಇನ್ನೊಂದು ತುದಿಯಲ್ಲಿದ್ದವರಿಗಾಗಿ ಓಡಿದರು. 2011ರಲ್ಲಿ, ನೂರನೇ ವರ್ಷದಲ್ಲಿ, ಟೊರೊಂಟೋದ ಮ್ಯಾರಥಾನ್ ಪೂರೈಸಿದರು. 2025ರ ಜುಲೈಯಲ್ಲಿ, 114ರ ಹರೆಯದಲ್ಲಿ, ತಮ್ಮ ಹುಟ್ಟೂರಿನ ಹೆದ್ದಾರಿಯಲ್ಲಿ ಕಾರೊಂದು ಢಿಕ್ಕಿ ಹೊಡೆದು ತೀರಿಕೊಂಡರು. ಲಂಡನ್, ಟೊರೊಂಟೋಗಳ ರಸ್ತೆಗಳು ಕಾಪಾಡಿಕೊಂಡ ಆ ಕಾಲುಗಳನ್ನು ನಮ್ಮ ಹೆದ್ದಾರಿ ಕಾಪಾಡಲಿಲ್ಲ!

ಆದರೆ ಈ ಸಂಪ್ರದಾಯಕ್ಕೆ ನಿಜವಾದ ಜೀವ ಕೊಟ್ಟವನು ಕೆನಡಾದ ಟೆರ್ರಿ ಫಾಕ್ಸ್ ಎಂಬ ತರುಣ. ಮೂಳೆಯ ಕ್ಯಾನ್ಸರ್‌ನಿಂದಾಗಿ 1977ರಲ್ಲಿ ಬಲಗಾಲನ್ನು ಮೊಣಕಾಲಿನ ಮೇಲ್ಭಾಗದಿಂದ ಕತ್ತರಿಸಲಾಗಿತ್ತು. ಆಸ್ಪತ್ರೆಯಲ್ಲಿ ತನ್ನ ಜೊತೆಗಿದ್ದ ಮಕ್ಕಳ ನರಳಾಟ ಅವನನ್ನು ಕಾಡಿತು. ಕೃತಕ ಕಾಲಿನಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಅಭ್ಯಾಸ ಮಾಡಿದ. ಅಭ್ಯಾಸದಲ್ಲೇ ಐದು ಸಾವಿರ ಕಿಲೋಮೀಟರ್ ಓಡಿದ್ದ. 1980ರ ಎಪ್ರಿಲ್ 12ರಂದು ಕೆನಡಾದ ಪೂರ್ವದ ಅಂಚಿನಿಂದ ಹೊರಟು, ದಿನಕ್ಕೊಂದು ಮ್ಯಾರಥಾನಿನಷ್ಟು ದೂರದಂತೆ 143 ದಿನ ಓಡಿ, 5,373 ಕಿಲೋಮೀಟರ್ ಕ್ರಮಿಸಿದ. ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದಾಗ ನಿಲ್ಲಿಸಬೇಕಾಯಿತು. ಕೆನಡಾದ ಪ್ರತಿ ಪ್ರಜೆಯಿಂದಲೂ ಒಂದು ಡಾಲರ್ ಎಂಬುದು ಅವನ ಕನಸು. ಅವನು ಬದುಕಿರುವಾಗಲೇ ಆ ಮೊತ್ತ ಸೇರಿತು. 1981ರ ಜೂನ್‌ನಲ್ಲಿ, 22ರ ಹರೆಯದಲ್ಲಿ ಅವನು ತೀರಿಕೊಂಡ. ಅವನ ಹೆಸರಿನ ಓಟ ಅದೇ ವರ್ಷ ಆರಂಭವಾಗಿ ಅನೇಕ ದೇಶಗಳಿಗೆ ಹಬ್ಬಿತು. ನಮ್ಮ ಕರಾವಳಿಯ ಸಾವಿರಾರು ಮಂದಿ ದುಡಿಯುವ ದುಬೈ, ಅಬುಧಾಬಿಗಳಲ್ಲೂ ನಡೆದಿದೆ.

ಈ ಓಟದ ಒಂದು ವೈಶಿಷ್ಟ್ಯವನ್ನು ವಿಶೇಷವಾಗಿ ಗಮನಿಸಬೇಕು. ಇದರಲ್ಲಿ ಗೆದ್ದವರು, ಸೋತವರೆಂಬುದಿಲ್ಲ. ತನ್ನ ಓಟವನ್ನು ತಮ್ಮ ಸರಕಿನ ಜಾಹೀರಾತಾಗಿಸಲು ಬಂದ ಕಂಪೆನಿಗಳನ್ನು ಟೆರ್ರಿ ಹಿಂದಕ್ಕೆ ಕಳುಹಿಸಿದ್ದ.

ನಮ್ಮಲ್ಲಿ ಇದು ಬಂದದ್ದು ಬೇರೆಯೇ ಬಾಗಿಲಿನಿಂದ. ಮುಂಬೈ ಮ್ಯಾರಥಾನ್ 2004ರಲ್ಲಿ, ಬೆಂಗಳೂರಿನ 10 ಕಿಲೋಮೀಟರ್ ಓಟ 2008ರಲ್ಲಿ ಆರಂಭವಾಯಿತು. ಎರಡಕ್ಕೂ ಬೃಹತ್ ಕಂಪೆನಿಗಳ ಹೆಸರು ಜೋಡಿಕೊಂಡೇ ಬಂದಿದೆ. ಇವುಗಳಿಂದಲೂ ನೂರಾರು ಸೇವಾ ಸಂಸ್ಥೆಗಳಿಗೆ ಹಣ ಹೋಗುತ್ತಿದೆ, ಅಲ್ಲಗಳೆಯುವಂತಿಲ್ಲ. ಆದರೆ ಇಲ್ಲಿ ತಂಡವಾಗಿ ಓಡುವವರಲ್ಲಿ ಕಂಪೆನಿಗಳ ನೌಕರರೇ ಅಧಿಕ. ಅಂಗಿ ಕಂಪೆನಿಯದು, ಬಾವುಟ ಕಂಪೆನಿಯದು, ಕೊನೆಗೆ ಕೀರ್ತಿಯೂ ಕಂಪೆನಿಯದು. ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕಾಗಿ ವ್ಯಯಿಸಬೇಕೆಂದು 2013ರ ಕಂಪೆನಿ ಕಾಯ್ದೆ ದೊಡ್ಡ ಸಂಸ್ಥೆಗಳಿಗೆ ವಿಧಿಸಿದೆ. ಅದು ಔದಾರ್ಯವಲ್ಲ, ಕಾನೂನು. ಭಾನುವಾರದ ಒಂದು ಬೆಳಗ್ಗಿನ ಬಾವುಟ ಈ ಭೇದವನ್ನು ಮರೆಮಾಚುವುದಾದರೆ ಅದನ್ನು ಪ್ರಶ್ನಿಸಲೇಬೇಕು.

ಇದಕ್ಕಿಂತಲೂ ದೊಡ್ಡ ಪ್ರಶ್ನೆಯೊಂದಿದೆ. ಓರ್ವ ರೋಗಿಯ ಚಿಕಿತ್ಸೆ ಇನ್ನೊಬ್ಬನ ಮೊಣಕಾಲನ್ನು ಯಾಕೆ ಅವಲಂಬಿಸಿರಬೇಕು? ಶ್ರೀಮಂತ ಬ್ರಿಟನ್‌ನಲ್ಲಿ, ಸಾವಿನ ಅಂಚಿನಲ್ಲಿರುವವರನ್ನು ಆರೈಕೆ ಮಾಡುವ ಹಾಸ್ಪೈಸ್‌ಗಳಿಗೆ ಸರಕಾರದಿಂದ ಬರುವುದು ಖರ್ಚಿನ ಸುಮಾರು ಮೂರನೇ ಒಂದು ಭಾಗ. ಉಳಿದದ್ದನ್ನು ಹಳೆಬಟ್ಟೆಯ ಅಂಗಡಿ ನಡೆಸಿ, ಓಟ ಏರ್ಪಡಿಸಿ, ಉಯಿಲಿನ ದಾನ ಪಡೆದು ಅವು ಸಂಪಾದಿಸಬೇಕು. ಅಪಘಾತದ ಸ್ಥಳಕ್ಕೆ ಹಾರುವ ಏರ್ ಆಂಬ್ಯುಲೆನ್ಸ್‌ಗಳು ಬಹುಪಾಲು ಜನರ ದಾನದಿಂದಲೇ ಹಾರುತ್ತವೆ. ಕ್ಯಾಪ್ಟನ್ ಟಾಮ್ ಅಂಗಳ ಸುತ್ತುವುದನ್ನು ಮಂತ್ರಿಗಳು ಕೊಂಡಾಡಿದರು. ತೆರಿಗೆಯಿಂದ ನಡೆಯಬೇಕಾದ ಆಸ್ಪತ್ರೆಗಳಿಗೆ 99ರ ವೃದ್ಧರೋರ್ವರು ಹಣ ಕೂಡಿಸಬೇಕಾಗಿ ಬಂದದ್ದೇಕೆಂದು ಆ ಮಂತ್ರಿಗಳನ್ನು ಕೇಳಬೇಕಿತ್ತು. ಚಪ್ಪಾಳೆಯ ಸದ್ದಿನಲ್ಲಿ ಆ ಪ್ರಶ್ನೆ ಕೇಳಿಸಲಿಲ್ಲ.

ಓಟದ ದಾನಕ್ಕೆ ಇನ್ನೊಂದು ಮಿತಿಯೂ ಇದೆ. ಯಾರ ಬಂಧುಗಳು ಓಡಬಲ್ಲರೋ ಅವರ ರೋಗಕ್ಕೆ ಹಣ ಬರುತ್ತದೆ. ಮಕ್ಕಳ ಕ್ಯಾನ್ಸರ್‌ಗಾಗಿ ಓಡುವವರಿದ್ದಾರೆ, ಓಡಲೇಬೇಕು. ಆದರೆ ಮಲಗುಂಡಿಗೆ ಇಳಿದು ಸತ್ತವನ ಮಕ್ಕಳಿಗಾಗಿ ಎಷ್ಟು ಮಂದಿ ಓಡಿದ್ದಾರೆ? 2022ರ ಅಂತ್ಯಕ್ಕೆ ನಮ್ಮ ದೇಶದ ಜೈಲುಗಳಲ್ಲಿದ್ದವರ ಪೈಕಿ ಶೇಕಡಾ 75ಕ್ಕೂ ಅಧಿಕ ಮಂದಿ ಇನ್ನೂ ವಿಚಾರಣೆ ಮುಗಿಯದವರು. ಅವರಲ್ಲಿ ಅದೆಷ್ಟೋ ಮಂದಿ ಜಾಮೀನಿನ ಹಣಕ್ಕೆ ಗತಿಯಿಲ್ಲದೆ ಕೊಳೆಯುತ್ತಿದ್ದಾರೆ. ಅವರ ಹೆಸರನ್ನು ಬೆನ್ನಿಗೆ ಹಚ್ಚಿಕೊಂಡು ಓಡಲು ಎಷ್ಟು ಮಂದಿ ಧೈರ್ಯ ಮಾಡಿಯಾರು? ಕರುಣೆ ಉಕ್ಕಿಸುವ ಮುಖಕ್ಕೆ ದಾನ ಹರಿಯುತ್ತದೆ. ನ್ಯಾಯ ಹಾಗೆ ಮುಖ ನೋಡಿ ಹರಿಯುವಂತಿಲ್ಲ. ಆದ್ದರಿಂದಲೇ ಓಟವು ಸರಕಾರದ ಹೊಣೆಗೆ ಪರ್ಯಾಯವಾಗಲಾರದು.

ಲೆಕ್ಕಪತ್ರದ ಮಾತನ್ನೂ ಹೇಳಿಬಿಡೋಣ. ಕ್ಯಾಪ್ಟನ್ ಟಾಮ್ ನಡೆದು ಕೂಡಿಸಿದ ಹಣ ಸರಿಯಾಗಿಯೇ ಆಸ್ಪತ್ರೆಗಳ ನಿಧಿಗೆ ಸಂದಿತು. ಆದರೆ ಬಳಿಕ ಅವರ ಹೆಸರಿನಲ್ಲಿ ಸ್ಥಾಪನೆಯಾದ ಪ್ರತಿಷ್ಠಾನದ ಕುರಿತು ಅಲ್ಲಿನ ಚಾರಿಟಿ ಆಯೋಗ ತನಿಖೆ ನಡೆಸಿ, 2024ರ ನವೆಂಬರ್‌ನಲ್ಲಿ ವರದಿ ಪ್ರಕಟಿಸಿತು. ಕುಟುಂಬದವರು ಆ ಹೆಸರಿನಿಂದ ಸ್ವಂತಕ್ಕೆ ಲಾಭ ಪಡೆದರೆಂದೂ ಪದೇ ಪದೇ ದುರ್ವರ್ತನೆ ಮತ್ತು ದುರಾಡಳಿತ ನಡೆದಿದೆಯೆಂದೂ ಅದು ಹೇಳಿತು. ಓರ್ವ ವೃದ್ಧರ ನೂರು ಸುತ್ತುಗಳ ಮೇಲೆ ಹೀಗೊಂದು ಕಲೆ ಬಿತ್ತು. ಪೈಪೈಯ ಲೆಕ್ಕವನ್ನು ಸೂಚನಾ ಫಲಕದಲ್ಲಿ ಹಾಕುವ ಅಭ್ಯಾಸವಿಲ್ಲದ ಸಂಘಟನೆ ಓಟ ಏರ್ಪಡಿಸದಿರುವುದೇ ಲೇಸು.

ಅಪಾಯವೂ ಇಲ್ಲದಿಲ್ಲ. 2012ರ ಲಂಡನ್ ಮ್ಯಾರಥಾನ್‌ನಲ್ಲಿ 30ರ ಹರೆಯದ ಓರ್ವ ಕೇಶವಿನ್ಯಾಸಕಿ, ಇನ್ನೊಂದೇ ಮೈಲಿ ಬಾಕಿಯಿರುವಾಗ ಕುಸಿದು ಮೃತಪಟ್ಟರು. ಅವರು ಓಡಿದ್ದು ಹತಾಶರ ಕರೆಗೆ ಕಿವಿಯಾಗುವ ಸಂಸ್ಥೆಯೊಂದಕ್ಕಾಗಿ. ಗುರಿ 500 ಪೌಂಡ್. ಅವರ ಸಾವಿನ ಸುದ್ದಿ ತಿಳಿದು ಅಪರಿಚಿತರು ಲಕ್ಷಗಟ್ಟಲೆ ಪೌಂಡ್ ಕಳುಹಿಸಿದರು. ಅವರು ಕುಡಿದಿದ್ದ ಪಾನೀಯದಲ್ಲಿ ಡಿ.ಎಂ.ಎ.ಎ. ಎಂಬ ಉತ್ತೇಜಕವಿತ್ತೆಂದೂ, ತೀವ್ರ ದಣಿವಿನ ಜೊತೆ ಅದೂ ಸೇರಿ ಹೃದಯ ಸೋತಿರಬಹುದೆಂದೂ ವಿಚಾರಣೆಯಲ್ಲಿ ತಿಳಿದುಬಂತು. ಜಿಮ್‌ಗಳ ಕಪಾಟಿನಲ್ಲಿ ಹೊಳೆಯುವ ಡಬ್ಬಿಗಳ ಕುರಿತು ನಮ್ಮ ಯುವಕರು ಯೋಚಿಸಬೇಕಾದ ವಿಷಯವಿದು. ಹಾಗಂತ ಹೆದರಬೇಕಾಗಿಲ್ಲ. ಅಮೆರಿಕದಲ್ಲಿ 2000ದಿಂದ 2010ರವರೆಗೆ ದೀರ್ಘ ಓಟಗಳಲ್ಲಿ ಭಾಗವಹಿಸಿದ ಒಂದು ಕೋಟಿ ಒಂಬತ್ತು ಲಕ್ಷ ಮಂದಿಯ ಅಧ್ಯಯನ ನಡೆಸಿದಾಗ, ಹೃದಯಸ್ತಂಭನವಾದದ್ದು 59 ಮಂದಿಗೆ. ನಲ್ವತ್ತು ದಾಟಿದವರು, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುವವರು ಮೊದಲು ವೈದ್ಯರಿಗೆ ತೋರಿಸಿಕೊಳ್ಳಬೇಕು, ಎದೆನೋವು ಬಂದಾಗ ನಿಲ್ಲಬೇಕು.

ಇನ್ನು ನಮ್ಮ ಪಟ್ಟಣಗಳ ವಿಷಯಕ್ಕೆ ಬರೋಣ. ಕೊಡುವುದರಲ್ಲಿ ನಾವು ಹಿಂದುಳಿದವರಲ್ಲ. ಮದುವೆಯ ನೆರವಿರಲಿ, ಆಪರೇಶನ್ ಖರ್ಚಿರಲಿ, ಒಂದು ಕರೆಗೆ ಗಲ್ಫ್‌ನಿಂದ ಹಣ ಬರುತ್ತದೆ. ನಾವು ಹಿಂದುಳಿದಿರುವುದು ದೇಹದ ವಿಷಯದಲ್ಲಿ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಹತ್ತು ಕೋಟಿಗೂ ಅಧಿಕ. 2024ರ ಇನ್ನೊಂದು ಅಧ್ಯಯನ, ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಅಗತ್ಯವಿರುವಷ್ಟು ಮೈ ಆಡಿಸುವುದಿಲ್ಲವೆಂದಿತು. ಮಹಿಳೆಯರಲ್ಲಂತೂ ಶೇಕಡಾ 57. ಅಡುಗೆಮನೆಯಲ್ಲಿ ದಿನವಿಡೀ ನಿಂತಿರುವವಳಿಗೆ ವ್ಯಾಯಾಮವೇಕೆ ಎಂದು ಕೇಳುವವರು ಈಗಲೂ ಇದ್ದಾರೆ. ನಿಂತಿರುವುದರಿಂದ ಕಾಲು ಊದಿಕೊಳ್ಳುತ್ತದೆ, ಹೃದಯ ಬಲಗೊಳ್ಳುವುದಿಲ್ಲ. ಪುರುಷರಿಗಾದರೆ ಬೆಳಗ್ಗೆ ರಸ್ತೆಯಿದೆ, ಮೈದಾನವಿದೆ. ನಲ್ವತ್ತೈದು ವರ್ಷದ ಮಹಿಳೆಗೆ ನಮ್ಮ ಯಾವ ಪಟ್ಟಣದಲ್ಲಿ ನಿಶ್ಚಿಂತೆಯಿಂದ ನಡೆಯಲು ಸ್ಥಳವಿದೆ? ಕಾಲುದಾರಿಯ ಮೇಲೆ ಅಂಗಡಿಯ ಸಾಮಾನು, ಚರಂಡಿಯ ಮೇಲೆ ಮುರಿದ ಚಪ್ಪಡಿ, ತಿರುವಿನಲ್ಲಿ ನಾಯಿಗಳ ಹಿಂಡು. ಪುರಸಭೆಯ ಚುನಾವಣೆಯಲ್ಲಿ ಮತ ಕೇಳಲು ಬಂದವರಲ್ಲಿ ಇದನ್ನು ನಾವು ಒಮ್ಮೆಯಾದರೂ ಕೇಳಿದ್ದೇವೆಯೇ?

ಮ್ಯಾರಥಾನಿನ ಮಾತು ನಮಗೆ ಬೇಡ. ಐದು ಕಿಲೋಮೀಟರ್ ಸಾಕು. ಎಂದೂ ಓಡದವರಿಗಾಗಿ ಒಂಬತ್ತು ವಾರಗಳ ಸರಳ ಕ್ರಮವೊಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಮೊದಲ ವಾರ ಒಂದು ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ, ಹೀಗೆ ಇಪ್ಪತ್ತು ನಿಮಿಷ. ವಾರಕ್ಕೆ ಮೂರೇ ದಿನ. ಓಟದ ನಿಮಿಷಗಳು ನಿಧಾನವಾಗಿ ಬೆಳೆಯುತ್ತಾ ಒಂಬತ್ತನೇ ವಾರದಲ್ಲಿ ಅರ್ಧ ಗಂಟೆಯಾಗುತ್ತದೆ. ಓಡಲಾಗದವರು ಬಿರುಸಾಗಿ ನಡೆದರಾಯಿತು. ಸಂಘದ ಇಪ್ಪತ್ತು ಮಂದಿ ನಡುವಯಸ್ಕರು ಹೀಗೆ ಹೆಸರು ಬರೆಸಿಕೊಂಡು, ಮಹಿಳೆಯರಿಗೆ ಶಾಲೆಯ ಮೈದಾನವೊಂದನ್ನು ಪ್ರತ್ಯೇಕ ಸಮಯದಲ್ಲಿ ಕೇಳಿ ಪಡೆದು, ಊರಿನ ಡಯಾಲಿಸಿಸ್ ರೋಗಿಗಳಿಗಾಗಿ ನಿಧಿ ಕೂಡಿಸಿದರೆ ಹೇಗೆ?

ಡಯಾಲಿಸಿಸ್ ಎಂದದ್ದು ಕಾರಣವಿದ್ದೇ. ಮೂತ್ರಪಿಂಡ ಕೆಡಲು ಇರುವ ಪ್ರಮುಖ ಕಾರಣಗಳಲ್ಲಿ ಸಕ್ಕರೆ ಕಾಯಿಲೆಯೇ ಮುಂದೆ. ಅಂದರೆ ಇಲ್ಲಿ ಓಡುವವನು, ತಾನು ಯಾರಿಗಾಗಿ ಹಣ ಕೂಡಿಸುತ್ತಿರುವನೋ ಅವರ ಹಾಸಿಗೆಯಿಂದ ತನ್ನನ್ನೂ ದೂರವಿಟ್ಟುಕೊಳ್ಳುತ್ತಿರುತ್ತಾನೆ. 2016ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಯೋಜನೆಯಂತೆ ಬಡವರಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಉಚಿತ. ಆದರೆ ವಾರಕ್ಕೆ ಎರಡೋ ಮೂರೋ ಸಲ, ಪ್ರತಿ ಸಲ ನಾಲ್ಕು ಗಂಟೆ ಯಂತ್ರಕ್ಕೆ ಅಂಟಿ ಕುಳಿತವನಿಗೆ ಆ ದಿನದ ಕೂಲಿ ಇಲ್ಲ, ಜೊತೆಗೆ ಬಂದ ಹೆಂಡತಿಗೂ ಇಲ್ಲ. ಹಳ್ಳಿಯಿಂದ ಬರುವ ರಿಕ್ಷಾ ಬಾಡಿಗೆ, ಔಷಧದ ಖರ್ಚು ಬೇರೆ. ನಮ್ಮ ನಿಧಿ ಈ ಬಾಡಿಗೆಗೆ, ಈ ಕೂಲಿಗೆ ಹೋಗಲಿ. ಯಂತ್ರ ಕೆಟ್ಟು ನಿಂತಾಗ ಅದನ್ನು ದುರಸ್ತಿ ಮಾಡಿಸುವುದು ಮಾತ್ರ ಸರಕಾರದ ಕೆಲಸ. ಅದಕ್ಕೆ ಓಟದ ಹಣ ಕೊಡದೆ, ಓಡಿದ ಅದೇ ಇಪ್ಪತ್ತು ಮಂದಿ ಆರೋಗ್ಯಾಧಿಕಾರಿಯ ಕಚೇರಿಗೆ ಮನವಿ ಹಿಡಿದು ಹೋಗಬೇಕು. ಉತ್ತರ ಬಾರದಿದ್ದರೆ ಮರುವಾರ ಮತ್ತೆ ಹೋಗಬೇಕು. ಒಂಬತ್ತು ವಾರ ಬಿಡದೆ ಬೆಳಗ್ಗೆ ಎದ್ದವರಿಗೆ ಅದೇನೂ ಕಷ್ಟವಾಗದು.